ಲದ್ದಿ ಮೇಲೆ ಬಳಿದ ಮರಳು

ಬ್ರೂಕ್‌ಫೀಲ್ಡ್‌ನಲ್ಲಿ ನಾನು ಗುಮಾಸ್ತನಾಗಿರೋ ಆಫೀಸಿನ ಲಾಬಿಯಲ್ಲಿ ಒಂದು ದೊಡ್ಡ ಚಿತ್ರದ ಪ್ರಿಂಟ್ ಇದೆ. ಸಮುದ್ರದ ದಂಡೆ, ತೆಳು ಬಿಸಿಲು, ನಮಗೆ ಬೆನ್ನು ಹಾಕಿ ಕುದುರೆ ಮೇಲೆ ಹೊರಟ ಮೂವರು ಸಿರಿವಂತರು. ನೋಡಿದ್ರೆ ಮನಸ್ಸು ತಣ್ಣಗಾಗುತ್ತೆ. ಯಾರದ್ದು ಅಂತ ಹುಡುಕಿದೆ. ಹಾಲೆಂಡಿನ ಆಂಟನ್ ಮೌವ್, 1876. ಹೇಗ್ ನಗರದ ಇವರ ಗುಂಪು ಮೋಡ, ಮಂಜು, ಒದ್ದೆ ಗಾಳಿ ಬರೆಯೋದರಲ್ಲಿ ಹೆಸರುವಾಸಿ. ಕುರಿ ಕಾಯೋರು, ಮೀನುಗಾರರನ್ನೂ ಬರೆದರು. ವ್ಯಾನ್ ಗೋಗ್‌ಗೆ ಶುರುವಿನಲ್ಲಿ ಬಣ್ಣದ ಪಾಠ ಹೇಳಿದ್ದು ಇದೇ ಮೌವ್.

ನನ್ನನ್ನ ಹಿಡಿದು ನಿಲ್ಲಿಸಿದ್ದು ಬೇರೆ ವಿಷ್ಯ. ಚಿತ್ರದ ಮುಂಭಾಗದಲ್ಲೇ ಮೌವ್ ಕುದುರೆ ಲದ್ದಿ ಬರೆದಿದ್ದ. ಆಮೇಲೆ ಯಾರೋ, ಬಹುಶಃ ಮಾರಾಟಕ್ಕೆ ಅಡ್ಡಿ ಅಂತ, ಅದರ ಮೇಲೆ ಮರಳಿನ ಬಣ್ಣ ಬಳಿದುಬಿಟ್ಟರು. ಎಷ್ಟೋ ಕಾಲದ ನಂತರ ಚಿತ್ರ ಶುಚಿ ಮಾಡುವಾಗ ಲದ್ದಿ ಮತ್ತೆ ಕಾಣಿಸ್ತು. ನಮ್ಮ ಪ್ರಿಂಟ್‌ನಲ್ಲೂ ಇದೆ. ಮುಂದಿಟ್ಟ ಹೂಕುಂಡ ಮರೆಮಾಡಿದೆ ಅಷ್ಟೇ!

ನಮ್ಮ ಕೆ. ವೆಂಕಟಪ್ಪ (1886–1965) ಊಟಿ, ಕೊಡೈಕೆನಾಲಿನ ಮಂಜನ್ನ ಜಲವರ್ಣದಲ್ಲಿ ಹಿಡಿದವರು. ಬಿಎ ಓದುವಾಗ ಕಸ್ತೂರಬಾ ರಸ್ತೆಯ ಗ್ಯಾಲರಿಯಲ್ಲಿ ಆ ಚಿತ್ರಗಳನ್ನ ನೋಡಿ ಬೆರಗಾಗಿದ್ದೆ. ಆ ಬೆಟ್ಟದಲ್ಲಿ ಟೀ ಎಲೆ ಕಿತ್ತವರು, ರಸ್ತೆ ಕಡಿದವರು ಎಲ್ಲಿ ಅಂತ ಅವತ್ತು ನನಗೆ ಅನ್ನಿಸಲೇ ಇಲ್ಲ. ತಪ್ಪು ವೆಂಕಟಪ್ಪನವರದಲ್ಲ. ಮಂಜು ಬರೆಯೋದು ಅಪರಾಧವೂ ಅಲ್ಲ. ನೋಡೋ ನನಗೇ ಕೇಳೋ ಅಭ್ಯಾಸ ಇರಲಿಲ್ಲ.

ಈಗ ಕೇಳ್ತೀನಿ. ಲಾಬಿಯ ಆ ಚಿತ್ರದ ಗಾಜು ದಿನಾ ಒರೆಸೋದು ನಮ್ಮ ಕೇರಿಯ ಹೆಣ್ಮಗಳು. ಅದೇ ಚಿತ್ರದ ಕೆಳಗಿನ ಸೋಫಾದಲ್ಲಿ ಆಕೆ ಕೂರಂಗಿಲ್ಲ. ಇದು ಹೂಕುಂಡ ಅಲ್ದೆ ಇನ್ನೇನು?

ಮಲದ ಗುಂಡಿಗೆ ಮನುಷ್ಯರನ್ನ ಇಳಿಸೋದನ್ನ 2013ರ ಕಾಯ್ದೆ ನಿಷೇಧಿಸಿದೆ. ಒಳಚರಂಡಿ ಸಾವಿಗೆ 30 ಲಕ್ಷ ಪರಿಹಾರ ಕೊಡಿ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಆದ್ರೂ ಸತ್ತಾಗ ಸುದ್ದಿ ಏನು? 'ಉಸಿರುಗಟ್ಟಿ ಕಾರ್ಮಿಕ ಸಾವು'. ಇಳಿಸಿದವರ ಹೆಸರಿರಲ್ಲ, ಇಳಿದವನ ಜಾತಿ ಇರಲ್ಲ. ಮರಳು ಬಳಿಯೋದು ಅಂದ್ರೆ ಇದೇ.

ಲದ್ದಿ ಬರೆದ ಮಾತ್ರಕ್ಕೆ ಮೌವ್ ಕ್ರಾಂತಿಕಾರಿ ಆಗಲಿಲ್ಲ. ಕುದುರೆ ಹೋದ ದಾರಿಯಲ್ಲಿ ಏನಿರುತ್ತೋ ಅದನ್ನ ಬರೆದ. ನಾವು ಕೇಳ್ತಿರೋದೂ ಅಷ್ಟೇ: ಇದ್ದದ್ದನ್ನ ಇದ್ದ ಹಾಗೆ ತೋರಿಸಿ.

ಗೆಳೆಯರೇ, ನಿಮ್ಮ ಕಂಪನಿ, ಅಪಾರ್ಟ್‌ಮೆಂಟಿನ ಎಸ್‌ಟಿಪಿ ಕ್ಲೀನ್ ಮಾಡೋದು ಮಿಷಿನ್ನೋ ಮನುಷ್ಯನೋ? ನಾಳೆ ಬೆಳಗ್ಗೆ ಹೋಗಿ ಕೇಳಿ. ಬಂದ ಉತ್ತರ ಇಲ್ಲಿ ಬರೀರಿ.

ಜೈ ಭೀಮ್.