ಮಕ್ಕಳ ಆಟಕ್ಕೆ ಬೇಲಿ ಹಾಕದಿರಿ

ರಥೋತ್ಸವದ ಮರುದಿನ ಕೊಟ್ಟೂರಿನ ಭಕ್ತರೊಬ್ಬರ ಮನೆಗೆ ನಾವು ಪಾದಪೂಜೆಗಾಗಿ ಹೋಗಿದ್ದೆವು. ಮನೆಯ ಮುಂದಿನ ಬೀದಿಯಲ್ಲಿ ಏಳೆಂಟು ಮಕ್ಕಳು ಜೋಳದ ದಂಟಿನ ತೇರು ಕಟ್ಟಿ ಎಳೆಯುತ್ತಿದ್ದರು. ಒಬ್ಬನು ಖಾಲಿ ಡಬ್ಬಿಯನ್ನೇ ಸಮಾಳವೆಂದು ಬಾರಿಸುತ್ತಿದ್ದನು. ಹಗ್ಗ ಹಿಡಿಯುವ ಸರದಿಗಾಗಿ ಜಗಳ ಹುಟ್ಟಿತು, ತೇರು ನಿಂತಿತು. ಹಿರಿಯರಾರೂ ನಡುವೆ ಹೋಗಲಿಲ್ಲ. ಮಕ್ಕಳೇ ಮಾತಾಡಿಕೊಂಡರು, ತೇರು ಮತ್ತೆ ಹೊರಟಿತು. ಆ ಮನೆಯ ಐದು ವರ್ಷದ ಕಂದ ಮಾತ್ರ ಕಿಟಕಿಯ ಸರಳು ಹಿಡಿದು ನೋಡುತ್ತ ನಿಂತಿದ್ದನು.

"ಯಾಕಮ್ಮಾ, ಇವನನ್ನು ಆಡಲಿಕ್ಕೆ ಬಿಡಲಿಲ್ಲವೇ?" ಎಂದು ಕೇಳಿದೆವು.

"ಬ್ಯಾಡ್ರೀ ಬುದ್ಧೀ, ಆ ಹುಡುಗ್ರು ಯಾವ್ಯಾವ ಕೇರಿಯವರೋ ಏನೋ. ಇವ್ನ ಗೆಳೆಯರು ಐತವಾರ ಕಾರಿನಾಗ ಬರ್ತಾರ" ಎಂದರು ಆ ತಾಯಿ.

ಆ ಮಾತು ನಮ್ಮನ್ನು ಇಂದಿಗೂ ಚುಚ್ಚುತ್ತಿದೆ. ಗೆಳೆಯನನ್ನು ಆರಿಸಿಕೊಳ್ಳುವುದು ಮಗುವಿನ ಮೊದಲ ಸ್ವಾತಂತ್ರ್ಯ. ಅದನ್ನೂ ತಾಯಿತಂದೆಗಳು ಅಂತಸ್ತು ನೋಡಿ, ಜಾತಿ ನೋಡಿ ಸಂಬಂಧ ಕುದುರಿಸಿದಂತೆ ಕುದುರಿಸಹತ್ತಿದರೆ, ಅಕ್ಷರಕ್ಕೆ ಮುಂಚೆಯೇ ಭೇದದ ಪಾಠ ಆರಂಭವಾಯಿತೆಂದೇ ಅರ್ಥ. ವೇದಿಕೆಯ ಮೇಲೆ ಅನುಭವ ಮಂಟಪವನ್ನು ಕೊಂಡಾಡಿ, ಮನೆಯ ಗೇಟಿಗೆ ಅಗಳಿ ಹಾಕುವವರ ಭಕ್ತಿಯನ್ನು ನಾವು ಹೇಗೆ ಒಪ್ಪೋಣ?

ಆಟದಿಂದ ಏನು ಬಂದೀತು ಎನ್ನುವವರಿದ್ದಾರೆ. ಸ್ವಿಟ್ಜರ್ಲೆಂಡಿನ ಪಂಡಿತ ಜೀನ್ ಪಿಯಾಜೆ ಗೋಲಿಯಾಡುವ ಹುಡುಗರ ಜೊತೆ ಕುಳಿತು, ಆಟದ ನಿಯಮಗಳನ್ನು ಕುರಿತು ಅವರನ್ನೇ ಪ್ರಶ್ನಿಸಿ, 1932ರಲ್ಲಿ ಮಕ್ಕಳ ನೈತಿಕ ವಿವೇಚನೆಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ನಿಯಮವೆಂದರೆ ಹಿರಿಯರು ವಿಧಿಸಿದ, ಬದಲಿಸಲಾಗದ ಕಟ್ಟಳೆಯೆಂದು ಎಳೆಯ ಮಗು ತಿಳಿದಿರುತ್ತದೆ. ಓರಗೆಯವರೊಡನೆ ಆಡುತ್ತ ಬೆಳೆದಂತೆ, ನಿಯಮವು ಎಲ್ಲರ ಒಪ್ಪಿಗೆಯಿಂದ ನಿಂತದ್ದೆಂದೂ, ಆದುದರಿಂದಲೇ ಅದನ್ನು ಗೌರವಿಸಬೇಕೆಂದೂ ಅರಿಯುತ್ತದೆ. ಇದು ಅವನು ಕಂಡ ಸತ್ಯ. ನ್ಯಾಯವೆಂಬುದು ಹೀಗೆ ಸಮಾನರ ನಡುವೆ ಮೊಳೆಯುತ್ತದೆ. ಸೋತವನು ಅಳು ನುಂಗಿಕೊಳ್ಳುವುದು, ಗೆದ್ದವನು ಹಂಗಿಸದಿರುವುದು, ಚಿಕ್ಕವನಿಗೆ ಒಂದು ಆಟ ಹೆಚ್ಚು ಕೊಡುವುದು, ಇವುಗಳನ್ನು ಯಾವ ಟ್ಯೂಷನ್ನಿನ ಮೇಷ್ಟ್ರು ಕಲಿಸಬಲ್ಲರು?

"ಸಹವಾಸದಿಂದ ಕೆಟ್ಟ ಮಾತು ಕಲಿಯುತ್ತಾರೆ" ಎಂಬುದು ಎರಡನೆಯ ಆಕ್ಷೇಪ. ಕೆಟ್ಟ ಮಾತು ಬೀದಿಯಲ್ಲಿ ಮಾತ್ರವೇ ಇದೆಯೇ? ಕೈಗೆ ಕೊಟ್ಟ ಮೊಬೈಲಿನಲ್ಲಿ ಇಲ್ಲವೇ? ಬೀದಿಯಲ್ಲಿ ಕಲಿತದ್ದನ್ನು ತಾಯಿ ತಿದ್ದಬಹುದು. ಒಬ್ಬಂಟಿಯಾಗಿ ಪರದೆಯಲ್ಲಿ ಕಂಡದ್ದನ್ನು ತಿದ್ದುವವರಾರು? "ಓದು ಹಿಂದೆ ಬೀಳುತ್ತದೆ" ಎಂಬುದು ಮೂರನೆಯದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಗೆ ಆಟವೇ ಆಧಾರವೆಂದು ಹೇಳಿದೆ. 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಆಟವನ್ನು ಮಗುವಿನ ಹಕ್ಕೆಂದು ಸಾರಿದೆ. ಭಾರತವು 1992ರಲ್ಲಿ ಅದಕ್ಕೆ ಸಮ್ಮತಿಸಿದೆ.

ನಮ್ಮ ಕೂಡ್ಲಿಗಿ ಸೀಮೆಗೆ ಇನ್ನೊಂದು ಕಾರಣವುಂಟು. ಮಳೆ ಕೈಕೊಟ್ಟ ವರ್ಷ ಎಷ್ಟೋ ಕುಟುಂಬಗಳು ಗುಳೆ ಹೋಗುತ್ತವೆ. ತಿಂಗಳುಗಟ್ಟಲೆ ಹೊರಗಿದ್ದು ಮರಳಿದ ಮಗುವನ್ನು ಊರು ಮತ್ತೆ ತನ್ನದೆಂದು ಕರೆದುಕೊಳ್ಳುವುದು ಎಲ್ಲಿ? ಮಣ್ಣೆತ್ತಿನ ಅಮಾವಾಸ್ಯೆಯಂದು ಜೇಡಿಮಣ್ಣು ಹಂಚಿಕೊಂಡು ಎತ್ತು ಮಾಡುವ ಗುಂಪಿನಲ್ಲಿ, ಪಂಚಮಿಯ ಜೋಕಾಲಿಯ ಕೆಳಗೆ. ಆ ಗುಂಪಿನಿಂದ ನಿಮ್ಮ ಮಗುವನ್ನು ಹಿಡಿದೆಳೆದರೆ, ಬಡವನ ಮಗುವಿಗೆ ಊರು ತಪ್ಪಿತು. ನಿಮ್ಮ ಮಗುವಿಗೆ ಊರೆಂದರೇನೆಂಬ ಅರಿವೇ ತಪ್ಪಿತು.

ಮಠದ ಪ್ರಸಾದನಿಲಯದಲ್ಲಿ ಓದಿಹೋದ ಹಳೆಯ ವಿದ್ಯಾರ್ಥಿಗಳನ್ನು ನೇರವಾಗಿ ಕೇಳುತ್ತೇವೆ. ನಿಮ್ಮೊಡನೆ ಲಗೋರಿ ಆಡಿದವನ ಕುಲವನ್ನು ಅಂದು ನೀವು ಕೇಳಿದ್ದಿರಾ? ಕೇಳದೆ ಬೆಳೆದುದರಿಂದಲೇ ನಾಲ್ಕು ಜನರ ನಡುವೆ ತಲೆಯೆತ್ತಿ ಬಾಳುತ್ತಿದ್ದೀರಿ. ನೀವು ಉಂಡ ಆ ಸುಖವನ್ನು ನಿಮ್ಮ ಮಕ್ಕಳಿಗೇಕೆ ಬಚ್ಚಿಡುತ್ತೀರಿ?

ತಪ್ಪು ಗೃಹಸ್ಥರದೊಂದೇ ಅಲ್ಲ. ಮಠಗಳಾದ ನಾವೂ ಅಂಗಳಕ್ಕೆ ಹಾಸುಗಲ್ಲು ಹಾಕಿಸಿ, ಹೂದೋಟಕ್ಕೆ ತಂತಿ ಬಿಗಿದು, ಆಡಲು ಬಂದ ಮಕ್ಕಳನ್ನು ಗದರಿಸಿ ಅಟ್ಟಿದ್ದೇವೆ. ಅದನ್ನು ತಿದ್ದಿಕೊಳ್ಳುವೆವು. ನಮ್ಮ ಮಠದ ಅಂಗಳ ಇನ್ನು ಮುಂದೆ ಪ್ರತಿ ಸಂಜೆ ಎಲ್ಲ ಕೇರಿಯ ಮಕ್ಕಳಿಗೂ ತೆರೆದಿರುವುದು. ಭಕ್ತರು ಕಾಣಿಕೆ ತಾರದಿದ್ದರೂ ಸರಿ, ಮಕ್ಕಳನ್ನು ಕಳಿಸಿರಿ. ಮನೆಯ ಬಾಗಿಲನ್ನೂ ಆ ಹೊತ್ತಿಗೆ ತೆರೆದಿಡಿರಿ.