ಪಂಕ್ತಿ ತಪ್ಪಿದ ತಂಡ

ಅಮೆರಿಕದ ಕಾಲೇಜುಗಳಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಹಾಕಿಗೆ ಮಹಾ ಮರ್ಯಾದೆ. ತಂಡಗಳು ಕೂಟ ಕಟ್ಟಿಕೊಂಡು ತಮ್ಮೊಳಗೇ ಪಂದ್ಯಗಳನ್ನು ಹಂಚಿಕೊಳ್ಳುತ್ತವೆ. 2013ರಲ್ಲಿ ‘ಬಿಗ್ ಟೆನ್’ ವಿಶ್ವವಿದ್ಯಾನಿಲಯಗಳು ತಮ್ಮದೇ ಹಾಕಿ ಕೂಟವನ್ನು ಹೂಡಲು, ಹಳೆಯ ಕೂಟಗಳು ಒಡೆದುವು. 2021ರಲ್ಲಿ ಮತ್ತೆ ಏಳು ತಂಡಗಳು ಎದ್ದು ಬೇರೆ ಬಿಡಾರ ಮಾಡಿದುವು. ಕೂಟವಿಲ್ಲದೆ ಅಲಬಾಮದ ಹಂಟ್ಸ್‌ವಿಲ್ ತಂಡ ಆ ವರ್ಷವೇ ಆಟ ನಿಲ್ಲಿಸಿತು. ಅಲಾಸ್ಕದ ಫೇರ್‌ಬ್ಯಾಂಕ್ಸ್ ತಂಡ ಒಂಟಿಯಾಯಿತು. ದೂರವೇ ಅದರ ಅಪರಾಧ!

ಜನವರಿ ಬಂತೆಂದರೆ ಉಳಿದವರೆಲ್ಲ ತಂತಮ್ಮ ಕೂಟದ ಪಂದ್ಯಗಳಲ್ಲಿ ಮಗ್ನರು. ಒಂಟಿ ತಂಡವು ಎದುರಾಳಿಯನ್ನು ಬೇಡಿ ಪಡೆಯಬೇಕು. ಅಲಾಸ್ಕಕ್ಕೆ ಬಂದು ಆಡಿದ ಪಂದ್ಯಗಳು ಅತಿಥಿಗಳ ವಾರ್ಷಿಕ ಮಿತಿಗೆ ಸೇರವೆಂಬ ನಿಯಮವೊಂದೇ ಅದರ ಆಸರೆ. ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡವರಿಗೆ ಹೊರಗೆ ನಿಂತವನ ಹಸಿವೆ ತಿಳಿಯುವುದೆಂತು?