ಸ್ವಭಾವ ಯಾವುದು, ಗೀಳು ಯಾವುದು?

ರಾತ್ರಿ ಹತ್ತು ಗಂಟೆ. ಎಸ್‌ಎಸ್‌ಎಲ್‌ಸಿ ಹುಡುಗನೊಬ್ಬ ಸಮಾಜ ವಿಜ್ಞಾನದ ನೋಟ್ಸ್ ಬರೆಯಲು ಕುಳಿತು ಎರಡು ಗಂಟೆಯಾಗಿದೆ. ಪುಟದಲ್ಲಿರುವುದು ನಾಲ್ಕೇ ಸಾಲು. ಬರೆಯುತ್ತಾನೆ, ಅಳಿಸುತ್ತಾನೆ, ಅದೇ ಸಾಲನ್ನು ಮತ್ತೆ ಬರೆಯುತ್ತಾನೆ. ರಬ್ಬರು ಉಜ್ಜಿ ಉಜ್ಜಿ ಹಾಳೆ ತೂತಾಗಿದೆ. ನಡುನಡುವೆ ಅಡುಗೆಮನೆಯ ಕಡೆ ತಿರುಗಿ ಕೂಗುತ್ತಾನೆ:

“ಅಮ್ಮಾ, ಅಪ್ಪಂಗೆ ಏನೂ ಆಗಲ್ಲ ಅಲ್ವಾ?”

“ಏನೂ ಆಗಲ್ಲ ಕಂದಾ, ನೀನು ಬರಿ.”

ಐದು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಬರೆಯುವಾಗ ‘ಅಪ್ಪನಿಗೆ ಅಪಘಾತವಾದರೆ?’ ಎಂಬ ಯೋಚನೆ ಬಂದರೆ ಆ ಸಾಲು ಕೆಟ್ಟಿತು, ಅಳಿಸಿ ಬರೆಯದಿದ್ದರೆ ಅಪಘಾತ ನಿಜವಾಗಿಬಿಡುತ್ತದೆ ಎಂಬ ಭಯ ಅವನಿಗೆ. ಅದು ಅರ್ಥವಿಲ್ಲದ್ದೆಂದು ಅವನಿಗೂ ಗೊತ್ತು. ಆದರೂ ಕೈ ಕೇಳುವುದಿಲ್ಲ.

ಈ ಹುಡುಗನಿಗೆ ಆಟಿಸಂ ಇರುವುದು ಚಿಕ್ಕಂದಿನಲ್ಲೇ ಪತ್ತೆಯಾಗಿತ್ತು. ರೈಲ್ವೆ ವೇಳಾಪಟ್ಟಿ ಅವನಿಗೆ ಬಾಯಿಪಾಠ. ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸುತ್ತಾನೆ, ಖುಷಿಯಾದಾಗ ಕೈಗಳನ್ನು ಪಟಪಟ ಬಡಿಯುತ್ತಾನೆ. ಹೀಗಾಗಿ ಅಳಿಸಿ ಬರೆಯುವ ಹೊಸ ಅಭ್ಯಾಸ ಶುರುವಾದಾಗ ಮನೆಯವರು, “ಅವನು ಮೊದಲಿಂದಲೂ ಹಾಗೇ ಅಲ್ವೇ” ಎಂದು ಸುಮ್ಮನಾದರು. ಹುಡುಗ ಕಲ್ಪನೆಯವನು, ಅವನ ಕಷ್ಟ ಕಲ್ಪನೆಯದಲ್ಲ.

ಒಂದರೊಳಗೆ ಇನ್ನೊಂದು

ಬೇಡವೆಂದರೂ ಮನಸ್ಸಿಗೆ ನುಗ್ಗುವ ಯೋಚನೆ, ಅದರಿಂದ ಹುಟ್ಟುವ ತಳಮಳ, ಆ ತಳಮಳ ತಣಿಸಲು ಮತ್ತೆ ಮತ್ತೆ ಮಾಡುವ ಕ್ರಿಯೆ – ಇವು ಸೇರಿದರೆ ಗೀಳು ಮನೋರೋಗ, ಅಂದರೆ ಒಸಿಡಿ. ಕೈ ತೊಳೆಯುವುದು, ಬೀಗ ಎಳೆದೆಳೆದು ನೋಡುವುದು, ಎಣಿಸುವುದು, ಮನಸ್ಸಿನಲ್ಲೇ ಕ್ಷಮೆ ಕೇಳುವುದು ಎಲ್ಲವೂ ಇದರಲ್ಲಿ ಸೇರುತ್ತವೆ. ಸಾಮಾನ್ಯವಾಗಿ ನೂರು ಜನರಲ್ಲಿ ಎರಡು ಮೂರು ಮಂದಿಗೆ ಜೀವನದಲ್ಲಿ ಎಂದಾದರೊಮ್ಮೆ ಇದು ಕಾಡುತ್ತದೆ. ಆಟಿಸಂ ಇರುವ ಮಕ್ಕಳಲ್ಲಿ ಈ ಪ್ರಮಾಣ ಬಹಳ ಹೆಚ್ಚು. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ ಅದು ಸುಮಾರು ಶೇಕಡಾ 17 ಎಂದು ಕಂಡುಬಂದಿತು.

ಆಟಿಸಂ, ಎಡಿಎಚ್‌ಡಿ ಮುಂತಾದವನ್ನು ಮಿದುಳಿನ ಬೇರೆ ಬಗೆಯ ರಚನೆ ಎಂದು ನೋಡುವ ದೃಷ್ಟಿ 1990ರ ದಶಕದಿಂದ ಬೆಳೆದು ಬಂದಿದೆ. ಅಂಥವರನ್ನು ಇಂದು ‘ನ್ಯೂರೋಡೈವರ್ಜೆಂಟ್’ ಎನ್ನುತ್ತಾರೆ. ಈ ದೃಷ್ಟಿಯಲ್ಲಿ ಆಟಿಸಂ ಎಂಬುದು ಕಿತ್ತುಹಾಕಬೇಕಾದ ಕಳೆಯಲ್ಲ, ಅದು ಆ ಮಗುವಿನ ಸ್ವಭಾವ. ಆದರೆ ಗೀಳು ಹಾಗಲ್ಲ. ಅದು ಮಗುವನ್ನು ಹಿಂಡುವ ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ.

ಎರಡೂ ಹೊರಗಿನಿಂದ ಒಂದೇ ಥರ ಕಾಣುವುದೇ ತೊಡಕು. ಪುಸ್ತಕ ಜೋಡಿಸುವುದೂ ಪುನರಾವರ್ತನೆ, ಸಾಲು ಅಳಿಸುವುದೂ ಪುನರಾವರ್ತನೆ. ವ್ಯತ್ಯಾಸ ತಿಳಿಯಲು ಮಗುವನ್ನೇ ಕೇಳಬೇಕು: “ಇದನ್ನು ಮಾಡಿದರೆ ನಿನಗೆ ಹಿತವಾಗುತ್ತದೆಯೋ, ಮಾಡದಿದ್ದರೆ ಏನೋ ಕೆಟ್ಟದ್ದಾಗುತ್ತದೆ ಎಂದು ಭಯವೋ?” ಹಿತಕ್ಕಾಗಿ ಮಾಡುವುದು ಸಾಮಾನ್ಯವಾಗಿ ಸ್ವಭಾವ, ಭಯಕ್ಕಾಗಿ ಮಾಡುವುದು ಸಾಮಾನ್ಯವಾಗಿ ಗೀಳು. ಎಲ್ಲ ಮಕ್ಕಳೂ ಮಾತಿನಲ್ಲಿ ಹೇಳಲಾರರು. ಆಗ ಅದನ್ನು ಮಾಡುವಾಗಿನ ಮುಖ ನೋಡಬೇಕು. ಅಭ್ಯಾಸ ಹಠಾತ್ತನೆ ಶುರುವಾಯಿತೇ, ದಿನದ ಎಷ್ಟು ಹೊತ್ತನ್ನು ತಿನ್ನುತ್ತಿದೆ ಎಂದು ಗಮನಿಸಬೇಕು. ಕೊನೆಯ ತೀರ್ಮಾನ ಎರಡನ್ನೂ ಬಲ್ಲ ಮನೋವೈದ್ಯರದು.

ಎಲ್ಲವನ್ನೂ ಕಿತ್ತರೆ

ನಮ್ಮ ಹುಡುಗನನ್ನು ಮೊದಲು ಕರೆದೊಯ್ದ ಕಡೆ ಎಲ್ಲವನ್ನೂ ಒಟ್ಟಿಗೇ ಬಿಡಿಸುವ ಪ್ರಯತ್ನ ನಡೆಯಿತೆಂದಿಟ್ಟುಕೊಳ್ಳಿ. ಕೈ ಬಡಿಯಬಾರದು, ವೇಳಾಪಟ್ಟಿಯ ಪುಸ್ತಕ ಮುಟ್ಟಬಾರದು, ಅಳಿಸಬಾರದು, ತಪ್ಪಿದರೆ ಟಿ.ವಿ. ಇಲ್ಲ. ಏನಾಗುತ್ತದೆ? ತಳಮಳವಾದಾಗ ಅವನನ್ನು ಸಮಾಧಾನಪಡಿಸುತ್ತಿದ್ದ ದಾರಿಗಳೇ ಮುಚ್ಚಿಹೋಗುತ್ತವೆ. ಗೀಳು ಇನ್ನಷ್ಟು ಬಿಗಿಯುತ್ತದೆ.

ಸ್ವಭಾವವನ್ನು ಒಪ್ಪಿಕೊಂಡು ನಡೆಸುವ ಚಿಕಿತ್ಸೆ ಬೇರೆ ಕಡೆಯಿಂದ ಆರಂಭವಾಗುತ್ತದೆ. ಚಿಕಿತ್ಸಕರು ಹುಡುಗನನ್ನು ಕೂರಿಸಿಕೊಂಡು ಹಾಳೆಯ ಮೇಲೆ ಎರಡು ಕಲಂ ಎಳೆಯುತ್ತಾರೆ. ಒಂದರ ಮೇಲೆ ‘ಇದು ನಾನು’, ಇನ್ನೊಂದರ ಮೇಲೆ ‘ಇದು ಗೀಳು’. ಕೈ ಬಡಿಯುವುದು, ರೈಲು, ಪುಸ್ತಕದ ಸಾಲು ಮೊದಲ ಕಲಮಿನಲ್ಲಿ. ಅವನ್ನು ಯಾರೂ ಮುಟ್ಟುವುದಿಲ್ಲ. ಅಳಿಸುವುದು, ಅಮ್ಮನನ್ನು ಕೇಳುವುದು ಎರಡನೆಯದರಲ್ಲಿ. ಕೆಲಸ ನಡೆಯುವುದು ಅಲ್ಲಿ ಮಾತ್ರ.

ಎದುರಿಸು, ತಡೆದುಕೋ

ಆ ಕೆಲಸದ ಮೂಲ ವಿಧಾನ ಹಳೆಯದೇ. 1966ರಲ್ಲಿ ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ಇಬ್ಬರು ರೋಗಿಗಳಲ್ಲಿ ಇದರಿಂದ ಗುಣ ಕಂಡದ್ದನ್ನು ಪ್ರಕಟಿಸಿದರು. ಭಯ ಹುಟ್ಟಿಸುವ ಸನ್ನಿವೇಶವನ್ನು ಸ್ವಲ್ಪಸ್ವಲ್ಪವಾಗಿ ಎದುರಿಸುವುದು, ಆದರೆ ಗೀಳಿನ ಕ್ರಿಯೆಯನ್ನು ಮಾಡದೆ ತಡೆದುಕೊಳ್ಳುವುದು. ಭಯ ಏರುತ್ತದೆ, ಹೇಳಿದ ಕೆಡುಕು ಆಗುವುದಿಲ್ಲ, ಏನೂ ಮಾಡದೆಯೂ ತಳಮಳವನ್ನು ತಾಳಿಕೊಳ್ಳಬಹುದೆಂದು ಮಿದುಳು ಕಲಿಯುತ್ತದೆ.

ಆಟಿಸಂ ಇರುವವರಿಗೆ ಇದನ್ನು ಹೊಂದಿಸಿಕೊಳ್ಳಬೇಕು. ಬರೀ ಮಾತಿನ ಬದಲು ಚಿತ್ರ, ಪಟ್ಟಿ, ಬರಹ ಬೇಕು. ಇಂದು ಏನು ಮಾಡುತ್ತೇವೆ, ಎಷ್ಟು ಹೊತ್ತು ಎಂದು ಮೊದಲೇ ತಿಳಿಸಬೇಕು. “ಭಯ ಹತ್ತರಲ್ಲಿ ಎಷ್ಟು?” ಎಂದರೆ ಹೇಳಲಾಗದವನು ಹಸಿರು, ಹಳದಿ, ಕೆಂಪು ಬಣ್ಣ ತೋರಿಸಬಹುದು. ಮಿಕ್ಸಿಯ ಸದ್ದು ನಿಜವಾಗಿ ಕಿವಿ ಕೊರೆಯುವ ಮಗುವನ್ನು ‘ಎದುರಿಸು’ ಎಂದು ಅದರ ಮುಂದೆ ನಿಲ್ಲಿಸಬಾರದು; ಅದು ಗೀಳಲ್ಲ, ಇಂದ್ರಿಯದ ನೋವು.

ಮಗುವಿನ ಆಸಕ್ತಿಯೇ ಇಲ್ಲಿ ದೊಡ್ಡ ಬಂಡವಾಳ. ನಮ್ಮ ಹುಡುಗನಿಗೆ ಬೆಂಗಳೂರಿನಿಂದ ಹುಬ್ಬಳ್ಳಿಯ ರೈಲು ಮಾರ್ಗವನ್ನೇ ಬರೆದುಕೊಡಬಹುದು. ತುಮಕೂರು: ಒಂದು ಪದವನ್ನು ಅಳಿಸದೆ ಬಿಡುವುದು. ಅರಸೀಕೆರೆ: ಒಂದು ಸಾಲು. ಬೀರೂರು: ಕೆಟ್ಟ ಯೋಚನೆ ಬಂದರೂ ಮುಂದಿನ ಸಾಲಿಗೆ ಹೋಗುವುದು. ದಾವಣಗೆರೆ: ಒಂದು ಪುಟ. ಹುಬ್ಬಳ್ಳಿ: ಪೂರ್ತಿ ಪ್ರಶ್ನೆಪತ್ರಿಕೆ. ಯಾವ ನಿಲ್ದಾಣದಲ್ಲಿ ಎಷ್ಟು ದಿನ ನಿಲ್ಲಬೇಕೆಂದು ಹೇಳುವವನು ಅವನೇ. ಒತ್ತಾಯದಿಂದ ಈ ರೈಲು ಚಲಿಸುವುದಿಲ್ಲ.

ಬ್ರಿಟನ್ನಿನಲ್ಲಿ ಆಟಿಸಂ ಮತ್ತು ಒಸಿಡಿ ಎರಡೂ ಇದ್ದ 46 ಮಂದಿಯ ಮೇಲೆ ನಡೆದ ಪ್ರಯೋಗವೊಂದು 2013ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಹೀಗೆ ಹೊಂದಿಸಿದ ಚಿಕಿತ್ಸೆ, ಇನ್ನೊಂದಕ್ಕೆ ಆತಂಕ ನಿಭಾಯಿಸುವ ತರಬೇತಿ. ಎರಡರಲ್ಲೂ ಗೀಳು ಕಡಿಮೆಯಾಯಿತು. ಹೊಂದಿಸಿ ಕಲಿಸಿದರೆ ಇವರೂ ಗುಣ ಕಾಣುತ್ತಾರೆ ಎಂಬುದು ಇದರ ಪಾಠ. ಕೆಲವರಿಗೆ ಔಷಧಿಯೂ ಬೇಕಾಗುತ್ತದೆ. ಫ್ಲೂಒಕ್ಸೆಟಿನ್, ಸರ್ಟ್ರಲಿನ್‌ನಂಥ ಮಾತ್ರೆಗಳ ಪೂರ್ಣ ಪರಿಣಾಮ ಕಾಣಲು 8ರಿಂದ 12 ವಾರ ಹಿಡಿಯಬಹುದು. ವೈದ್ಯರನ್ನು ಕೇಳದೆ ಶುರು ಮಾಡುವುದೂ ತಪ್ಪು, ನಿಲ್ಲಿಸುವುದೂ ತಪ್ಪು.

ಮನೆಯವರ ಪಾಲು

ಒಪ್ಪಿಕೊಳ್ಳುವುದೆಂದರೆ ಗೀಳಿಗೂ ತಲೆಬಾಗುವುದಲ್ಲ. “ಏನೂ ಆಗಲ್ಲ ಕಂದಾ” ಎಂಬ ತಾಯಿಯ ಮಾತು ಪ್ರೀತಿಯದು, ಆದರೆ ಅದು ಗೀಳಿಗೆ ದಿನದಿನವೂ ಊಟ ಬಡಿಸುತ್ತದೆ. ಹಾಗೆಂದು ಒಮ್ಮೆಲೇ ಬಾಯಿ ಮುಚ್ಚಿಕೊಂಡರೆ ಮಗು ಒಂಟಿಯಾಗುತ್ತದೆ. ಚಿಕಿತ್ಸಕರ ಸಲಹೆಯಂತೆ, ಮಗುವಿಗೆ ಮೊದಲೇ ಹೇಳಿ, ಉತ್ತರಗಳನ್ನು ಒಂದೊಂದಾಗಿ ಕಡಿಮೆ ಮಾಡುತ್ತ ಬರಬೇಕು. ಬೈಯುವುದು, ಹೊಡೆಯುವುದು, “ನಿನ್ನ ಅಣ್ಣನ್ನ ನೋಡು” ಎಂದು ಹೋಲಿಸುವುದು ಯಾವುದೂ ಉಪಯೋಗಕ್ಕೆ ಬಾರದು.

ಪರೀಕ್ಷೆಯ ವರ್ಷವಾದರೆ ಶಾಲೆಯನ್ನೂ ಜೊತೆಗೆ ಸೇರಿಸಿಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಮತ್ತು ಮಾನಸಿಕ ಅನಾರೋಗ್ಯ ಎರಡೂ ಇವೆ. ಹೆಚ್ಚುವರಿ ಸಮಯದಂಥ ಅನುಕೂಲಗಳಿಗೆ ಯಾವ ಪ್ರಮಾಣಪತ್ರ ಬೇಕೆಂದು ಮುಖ್ಯೋಪಾಧ್ಯಾಯರನ್ನು ವರ್ಷದ ಆರಂಭದಲ್ಲೇ ವಿಚಾರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೆಂದೇ ವಿಶೇಷ ಕ್ಲಿನಿಕ್ ಇದೆ. ದೂರದ ಊರಿನವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಈ ಸಾಲುಗಳನ್ನು ಓದುತ್ತಿರುವ ವಿದ್ಯಾರ್ಥಿಗೆ ತನ್ನಲ್ಲೂ ಇಂಥದ್ದಿದೆ ಎನಿಸಿದರೆ ನಾಚಿಕೆ ಬೇಡ. ಕೆಟ್ಟ ಯೋಚನೆ ಬಂದ ಮಾತ್ರಕ್ಕೆ ಯಾರೂ ಕೆಟ್ಟವರಲ್ಲ. ಯೋಚನೆಯಿಂದ ಅಪಘಾತ ಆಗುವುದಿಲ್ಲ. ಮನೆಯಲ್ಲಿ ಒಬ್ಬರಿಗೆ, ಇಲ್ಲವೇ ನೆಚ್ಚಿನ ಮೇಷ್ಟರಿಗೆ ಹೇಳಿಕೊಳ್ಳಿ. ಹೇಳಲಾಗದಿದ್ದರೆ ಚೀಟಿಯಲ್ಲಿ ಬರೆದು ಕೊಡಿ.

ಆ ಹುಡುಗನ ರೈಲು ಅರಸೀಕೆರೆ ತಲುಪಿದ ರಾತ್ರಿ ಅಮ್ಮನಿಗೆ ಮತ್ತೆ ಕೂಗು ಕೇಳಿಸಿತೆಂದುಕೊಳ್ಳಿ. ಆಕೆ ಬಂದು ಪಕ್ಕದಲ್ಲಿ ಕೂರುತ್ತಾಳೆ. “ಇದು ನೀನು ಕೇಳ್ತಿರೋದಾ, ಗೀಳು ಕೇಳ್ತಿರೋದಾ?” ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೀಳು” ಎನ್ನುತ್ತಾನೆ. ರಬ್ಬರನ್ನು ಅಮ್ಮನ ಕೈಗೆ ಕೊಡುತ್ತಾನೆ. ಪುಟದಲ್ಲಿ ಒಂದು ಸಾಲು ಸೊಟ್ಟಗಿದೆ. ಅದು ಹಾಗೇ ಇರುತ್ತದೆ.